ಇಬ್ಬರೂ ಒಪ್ಪಿದ ಮೇಲೆ ಉಳಿಯುವ ಪ್ರಶ್ನೆಗಳು



ಸಂಘದ ಆರೋಗ್ಯ ಸಲಹೆಗೆ ಸ್ವಯಂಸೇವಕ ವೈದ್ಯರಾಗಿ ಕುಳಿತುಕೊಳ್ಳುವ ನಮ್ಮ ಬಳಿಗೆ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಬೆನ್ನುನೋವುಗಳ ಜೊತೆಗೆ ಇನ್ನೊಂದು ಬಗೆಯ ದೂರೂ ಬರುತ್ತದೆ. ನಿದ್ದೆ ಬಾರದು, ಎದೆ ಹಿಡಿದಂತಾಗುತ್ತದೆ, ಊಟ ಸೇರದು. ತಪಾಸಣೆಯ ವರದಿಗಳೆಲ್ಲ ಸರಿಯಾಗಿಯೇ ಇರುತ್ತವೆ. ಕೊನೆಗೆ, ಎದ್ದು ಹೊರಡುವ ಹೊತ್ತಿಗೆ, 'ಡಾಕ್ಟರೇ, ನಾವಿಬ್ಬರೂ ಬೇರೆಯಾಗುವುದೆಂದು ಒಪ್ಪಿಕೊಂಡಿದ್ದೇವೆ, ಮುಂದೆ ಹೇಗೆ?' ಎಂಬ ಪ್ರಶ್ನೆ. ನಾವು ವಕೀಲರಲ್ಲ. ಆದರೆ ಇದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳಿಸಿಕೊಂಡ ಮೇಲೆ ಎರಡೂ ದೇಶಗಳ ಕಾನೂನನ್ನು ಒಂದಿಷ್ಟು ಓದಿ ತಿಳಿಯುವುದು ಅನಿವಾರ್ಯವಾಯಿತು. ಇಲ್ಲಿರುವುದು ಸಾಮಾನ್ಯ ಮಾಹಿತಿ, ಜೊತೆಗೆ ನಮ್ಮ ಅಭಿಪ್ರಾಯ. ತಮ್ಮ ಪ್ರಕರಣಕ್ಕೆ ಬೇಕಾದ ಸಲಹೆಯನ್ನು ಓದುಗರು ವಕೀಲರಿಂದಲೇ ಪಡೆಯತಕ್ಕದ್ದು.

ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಪರಸ್ಪರ ಸಮ್ಮತಿಯ ವಿಚ್ಛೇದನದಲ್ಲಿ ಕಷ್ಟವಿರುವುದು 'ವಿಚ್ಛೇದನ' ಎಂಬ ಪದದಲ್ಲಿ ಎಂದು ನಮ್ಮವರು ಭಾವಿಸುತ್ತಾರೆ. ನಮಗೆ ಕಂಡಂತೆ ಕಷ್ಟವಿರುವುದು 'ಸಮ್ಮತಿ' ಎಂಬ ಪದದಲ್ಲಿ. ಶಸ್ತ್ರಚಿಕಿತ್ಸೆಗೆ ಮುನ್ನ ರೋಗಿಯಿಂದ ಸಹಿ ಪಡೆಯುವುದು ವೈದ್ಯರಿಗೆ ದಿನನಿತ್ಯದ ಕೆಲಸ. ಭಾರತದ ಸರ್ವೋಚ್ಚ ನ್ಯಾಯಾಲಯ 2008ರಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿಯೂ, ನೆದರ್ಲ್ಯಾಂಡ್ಸ್ 1995ರಲ್ಲಿ ಜಾರಿಗೆ ಬಂದ ವೈದ್ಯಕೀಯ ಚಿಕಿತ್ಸಾ ಒಪ್ಪಂದದ ಕಾನೂನಿನಲ್ಲಿಯೂ ಒಂದೇ ಮಾತನ್ನು ಹೇಳಿವೆ: ಏನು ಮಾಡಲಾಗುತ್ತದೆ, ಅದರಿಂದಾಗುವ ಪರಿಣಾಮವೇನು, ಬೇರೆ ದಾರಿ ಇದೆಯೇ ಎಂಬುದನ್ನು ತಿಳಿಸದೆ ಪಡೆದ ಸಹಿ ಸಮ್ಮತಿಯೆನಿಸದು. ಹೊಟ್ಟೆಯ ಮೇಲೆ ಎರಡಂಗುಲದ ಗಾಯ ಮಾಡುವುದಕ್ಕೇ ಇಷ್ಟು ವಿಚಾರಣೆ ಬೇಕಾದರೆ, ಒಂದು ದಾಂಪತ್ಯವನ್ನು ಬಿಚ್ಚುವ ಸಹಿಗೆ ಇನ್ನೆಷ್ಟು ಬೇಕು?

'ಇದೆಲ್ಲ ಇಲ್ಲಿಯ ಗಾಳಿ ತಾಗಿ ಬಂದದ್ದು' ಎಂಬ ಮಾತನ್ನು ಊರಿನ ಹಿರಿಯರಿಂದ ಕೇಳುತ್ತೇವೆ. ಇತಿಹಾಸ ಹಾಗೆ ಹೇಳುವುದಿಲ್ಲ. ಉತ್ತರ ಕರ್ನಾಟಕದಲ್ಲಿ ಸೋಡಚೀಟಿ ಎಂಬ ಮಾತು ಇಂದಿಗೂ ಬಳಕೆಯಲ್ಲಿದೆ. ಅನೇಕ ಸಮುದಾಯಗಳಲ್ಲಿ ಪಂಚರ ಮುಂದೆ ಬಿಡುಗಡೆಯಾಗಿ ಉಡಿಕೆಯ ಮದುವೆಯಾಗುವ ಪದ್ಧತಿ ಇತ್ತು. ಹೀಗೆ ರೂಢಿಯಿಂದ ಬಂದ ವಿಚ್ಛೇದನವನ್ನು 1955ರ ಹಿಂದೂ ವಿವಾಹ ಕಾಯ್ದೆಯ 29ನೇ ಕಲಮು ಈಗಲೂ ಉಳಿಸಿಕೊಂಡಿದೆ. ಮುಂಬೈ ಪ್ರಾಂತ್ಯದಲ್ಲಿದ್ದ ಧಾರವಾಡ, ಬೆಳಗಾವಿಯ ಹಿಂದೂಗಳಿಗೆ 1947ರಲ್ಲಿಯೇ, ಮದ್ರಾಸ್ ಪ್ರಾಂತ್ಯದಲ್ಲಿದ್ದ ಮಂಗಳೂರು, ಬಳ್ಳಾರಿಯವರಿಗೆ 1949ರಲ್ಲಿಯೇ ಪ್ರಾಂತೀಯ ಶಾಸನಗಳು ವಿಚ್ಛೇದನದ ಹಕ್ಕನ್ನು ಕೊಟ್ಟಿದ್ದವು.

ಇನ್ನು ನಾವು 'ಸಡಿಲ' ಎಂದು ಮೂಗು ಮುರಿಯುವ ಡಚ್ಚರ ಕಥೆ ಕೇಳಿ. ಇವರ 1838ರ ನಾಗರಿಕ ಸಂಹಿತೆ, ಪರಸ್ಪರ ಸಮ್ಮತಿಯಿಂದ ವಿಚ್ಛೇದನ ಎಂದಿಗೂ ಸಲ್ಲದು ಎಂದು ಖಡಾಖಂಡಿತವಾಗಿ ಸಾರಿತ್ತು. ವ್ಯಭಿಚಾರದಂತಹ ಕೆಲವೇ ಕಾರಣಗಳಿಗೆ ಅವಕಾಶ. ಎದುರುಪಕ್ಷ ತಪ್ಪೊಪ್ಪಿಕೊಂಡರೆ ಬೇರೆ ಸಾಕ್ಷ್ಯ ಬೇಡವೆಂದು 1883ರಲ್ಲಿ ಇಲ್ಲಿಯ ಸರ್ವೋಚ್ಚ ನ್ಯಾಯಾಲಯ ಹೇಳಿದ್ದೇ ತಡ, ಬೇರೆಯಾಗಲು ಒಪ್ಪಿದ ದಂಪತಿಗಳು ಮಾಡದ ವ್ಯಭಿಚಾರವನ್ನು ಮಾಡಿದೆವೆಂದು ಒಪ್ಪಿಕೊಳ್ಳತೊಡಗಿದರು. ಇದಕ್ಕೆ 'ದೊಡ್ಡ ಸುಳ್ಳು' ಎಂಬ ಹೆಸರೇ ಬಿದ್ದಿತು. ಈ ನಾಟಕ ನಿಂತದ್ದು 1971ರ ಅಕ್ಟೋಬರ್ 1ರಂದು, ದಾಂಪತ್ಯ ಸರಿಪಡಿಸಲಾಗದಷ್ಟು ಮುರಿದಿದೆ ಎಂಬುದೊಂದೇ ಕಾರಣ ಸಾಕೆಂಬ ಕಾನೂನು ಬಂದ ಮೇಲೆ. ಭಾರತದಲ್ಲಿ 1954ರ ವಿಶೇಷ ವಿವಾಹ ಕಾಯ್ದೆ ಪರಸ್ಪರ ಸಮ್ಮತಿಗೆ ಆಗಲೇ ಅವಕಾಶ ಕೊಟ್ಟಿತ್ತು, ಹಿಂದೂ ವಿವಾಹ ಕಾಯ್ದೆಗೆ ಅದು 13ಬಿ ಕಲಮಾಗಿ ಸೇರಿದ್ದು 1976ರಲ್ಲಿ. ಎರಡು ದೇಶಗಳ ನಡುವಿನ ಅಂತರ ನಾವು ಅಂದುಕೊಂಡಷ್ಟಿಲ್ಲ.

ಈಗ ವಿಷಯಕ್ಕೆ ಬರೋಣ. ಊರಿನಲ್ಲಿ ಹಿಂದೂ ವಿಧಿಯಂತೆ ಮದುವೆಯಾದವರು 13ಬಿ ಅಡಿಯಲ್ಲಿ ಅರ್ಜಿ ಹಾಕಬೇಕಾದರೆ ಒಂದು ವರ್ಷ ಅಥವಾ ಅದಕ್ಕಿಂತ ಹೆಚ್ಚು ಕಾಲ ಪ್ರತ್ಯೇಕವಾಗಿ ಬಾಳಿರಬೇಕು, ಕೂಡಿ ಬಾಳಲಾರೆವೆಂಬುದು ಖಚಿತವಾಗಿರಬೇಕು, ಇಬ್ಬರೂ ಒಪ್ಪಿರಬೇಕು. ಮೊದಲ ಅರ್ಜಿಯಾದ ಆರು ತಿಂಗಳ ನಂತರ, ಹದಿನೆಂಟು ತಿಂಗಳೊಳಗೆ, ಇಬ್ಬರೂ ಮತ್ತೊಮ್ಮೆ ನ್ಯಾಯಾಲಯದ ಮುಂದೆ ಅದೇ ಮಾತನ್ನು ಹೇಳಬೇಕು. ಮದುವೆ ನಡೆದ ಊರಿನ ಕೌಟುಂಬಿಕ ನ್ಯಾಯಾಲಯದಲ್ಲಿ ಅರ್ಜಿ ಹಾಕಬಹುದು. ಮೈಸೂರಿನ ಛತ್ರದಲ್ಲಿ ಧಾರೆಯೆರೆದಿದ್ದರೆ ಮೈಸೂರಿನಲ್ಲಿಯೇ. ಕ್ರೈಸ್ತ ಬಂಧುಗಳಿಗೆ 1869ರ ವಿಚ್ಛೇದನ ಕಾಯ್ದೆಗೆ 2001ರಲ್ಲಿ ಸೇರಿಸಿದ 10ಎ ಕಲಮು ಇದೆ. ಮುಸ್ಲಿಂ ಬಂಧುಗಳಿಗೆ ಮುಬಾರಾತ್ ಎಂಬ ಪರಸ್ಪರ ಬಿಡುಗಡೆಯ ವಿಧಾನ ಅವರ ವೈಯಕ್ತಿಕ ಕಾನೂನಿನಲ್ಲಿದೆ.

ಆ ಆರು ತಿಂಗಳ ಕಾಯುವಿಕೆಯ ಬಗ್ಗೆ ಬಹಳ ದೂರುಗಳಿವೆ. ವೈದ್ಯರಾಗಿ ನಾವು ಅದನ್ನು ಪೂರ್ತಿ ಅಲ್ಲಗಳೆಯಲಾರೆವು. ಸಿಟ್ಟಿನ ಜ್ವರದಲ್ಲಿ ತೆಗೆದುಕೊಂಡ ತೀರ್ಮಾನ ಜ್ವರ ಇಳಿದ ಮೇಲೂ ನಿಲ್ಲುವುದೇ ಎಂದು ನೋಡುವುದರಲ್ಲಿ ಅರ್ಥವಿದೆ. ಆದರೆ ನಾಲ್ಕು ವರ್ಷ ಬೇರೆ ಬೇರೆ ದೇಶಗಳಲ್ಲಿದ್ದು, ಮಾತೆಲ್ಲ ಮುಗಿದು, ಲೆಕ್ಕವೂ ಚುಕ್ತಾ ಆದವರನ್ನು ಮತ್ತೆ ಕಾಯಿಸುವುದು ವಾಸಿಯಾದ ಗಾಯವನ್ನು ಕೆರೆದಂತೆ. 2017ರ ಸೆಪ್ಟೆಂಬರ್‌ನಲ್ಲಿ ಅಮರ್‌ದೀಪ್ ಸಿಂಗ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಈ ಅವಧಿ ಕಡ್ಡಾಯವಲ್ಲ, ಸಂದರ್ಭ ನೋಡಿ ನ್ಯಾಯಾಲಯ ಅದನ್ನು ಮನ್ನಾ ಮಾಡಬಹುದು ಎಂದಿತು. ನಮ್ಮಂತಹ ಪರದೇಶವಾಸಿಗಳಿಗೆ ಅದೇ ತೀರ್ಪಿನ ಇನ್ನೊಂದು ಮಾತು ಹೆಚ್ಚು ಮುಖ್ಯ. ಖುದ್ದಾಗಿ ಹಾಜರಾಗಲಾರದವರು ವಿಡಿಯೋ ಮೂಲಕ, ಅಥವಾ ತಂದೆ ತಾಯಿ, ಒಡಹುಟ್ಟಿದವರಂತಹ ಹತ್ತಿರದ ಬಂಧುಗಳ ಮೂಲಕ ನಡೆಸಿಕೊಳ್ಳಲು ನ್ಯಾಯಾಲಯ ಅನುಮತಿಸಬಹುದು. ಅನುಮತಿ ಆಯಾ ನ್ಯಾಯಾಧೀಶರ ವಿವೇಚನೆಗೆ ಬಿಟ್ಟದ್ದು. ಆದುದರಿಂದ ವಿಮಾನದ ಟಿಕೆಟ್ ಕಾಯ್ದಿರಿಸುವ ಮುನ್ನ ಅಲ್ಲಿಯ ವಕೀಲರನ್ನು ಕೇಳುವುದು ಲೇಸು.

ಇಲ್ಲಿಯ ದಾರಿ ಬೇರೆಯೇ. ದಂಪತಿಗಳಿಬ್ಬರೂ ನೆದರ್ಲ್ಯಾಂಡ್ಸ್‌ನಲ್ಲಿ ನೆಲೆಸಿದ್ದರೆ, ಪಾಸ್‌ಪೋರ್ಟ್ ಭಾರತದ್ದೇ ಇರಲಿ, ಇಲ್ಲಿಯ ನ್ಯಾಯಾಲಯದಲ್ಲಿ ವಿಚ್ಛೇದನ ಕೇಳಬಹುದು. ನ್ಯಾಯಾಲಯ ಸಾಮಾನ್ಯವಾಗಿ ಡಚ್ ಕಾನೂನನ್ನೇ ಅನ್ವಯಿಸುತ್ತದೆ. ಇಷ್ಟು ಕಾಲ ಬೇರೆಯಿದ್ದಿರಬೇಕು ಎಂಬ ನಿಯಮವಿಲ್ಲ. ಇಬ್ಬರೂ ಸೇರಿ ಒಂದೇ ಅರ್ಜಿ ಹಾಕಬಹುದು, ಒಬ್ಬರೇ ವಕೀಲರು ಸಾಕು, ಎಲ್ಲವೂ ಒಪ್ಪಿತವಾಗಿದ್ದರೆ ನ್ಯಾಯಾಲಯಕ್ಕೆ ಹೋಗುವ ಪ್ರಸಂಗವೂ ಬರದಿರಬಹುದು. ಮಧ್ಯಸ್ಥಗಾರರು ಮಾತುಕತೆಗೆ ನೆರವಾಗುತ್ತಾರೆ, ಆದರೆ ಅರ್ಜಿ ಹೋಗಬೇಕಾದದ್ದು ವಕೀಲರ ಕೈಯಿಂದಲೇ.

ತೀರ್ಪು ಬಂತೆಂದು ನಿಟ್ಟುಸಿರು ಬಿಡುವವರು ಒಂದನ್ನು ಮರೆಯುತ್ತಾರೆ. ಡಚ್ ತೀರ್ಪು ಬಂದ ದಿನವೇ ಮದುವೆ ಮುಗಿಯುವುದಿಲ್ಲ, ಅದನ್ನು ನಾಗರಿಕ ನೋಂದಣಿ ಪುಸ್ತಕದಲ್ಲಿ ದಾಖಲಿಸಿದ ದಿನ ಮುಗಿಯುತ್ತದೆ. ತೀರ್ಪು ಅಂತಿಮಗೊಂಡ ಆರು ತಿಂಗಳೊಳಗೆ ದಾಖಲಿಸದಿದ್ದರೆ ತೀರ್ಪೇ ಬಿದ್ದುಹೋಗುತ್ತದೆ. ಭಾರತದಲ್ಲಿ ಮದುವೆಯಾದವರ ದಾಖಲೆ ತಾವಿರುವ ಊರಿನ ನಗರಸಭೆಯಲ್ಲಿ ಆಗುವುದಿಲ್ಲ, ಅದಕ್ಕೆ ಹೇಗ್ ನಗರದ ಕಚೇರಿಯಿದೆ. ವಕೀಲರು ಈ ಕೆಲಸ ಮಾಡಿದರೇ ಎಂದು ಕೇಳಿ, ನಕಲು ಪ್ರತಿಯನ್ನು ಕೈಯಲ್ಲಿ ಹಿಡಿದುಕೊಂಡ ಮೇಲೆಯೇ ನಂಬಿರಿ.

ಎರಡು ದಾರಿಗಳೂ ಹೀಗೆ ಕಾಗದದ ಮೇಲೆ ನೇರವಾಗಿವೆ. ಇವೆರಡೂ ಒಂದೇ ಮನೆಯೊಳಗೆ ಬಂದು ಸೇರಿದಾಗಲೇ ತೊಡಕು. ಐಂಡ್‌ಹೋವನ್‌ನಲ್ಲಿಯೋ ಆಮ್‌ಸ್ಟೆಲ್‌ಫೇನ್‌ನಲ್ಲಿಯೋ ಇರುವ ಒಂದು ಸಾಮಾನ್ಯ ಕನ್ನಡ ಸಂಸಾರವನ್ನು ಊಹಿಸಿಕೊಳ್ಳಿ. ಒಬ್ಬರಿಗೆ ಕಂಪನಿ ಕೊಡಿಸಿದ ವಾಸಪರವಾನಗಿ, ಇನ್ನೊಬ್ಬರದ್ದು ಸಂಗಾತಿಯ ನೆರಳಿನಲ್ಲಿ ಪಡೆದದ್ದು. ಭಾರತದ ಕಾಯ್ದೆ 'ಒಂದು ವರ್ಷ ಬೇರೆ ಬಾಳಿ ಬನ್ನಿ' ಎನ್ನುತ್ತದೆ. ಡಚ್ ವಲಸೆ ಇಲಾಖೆಯಾದ ಐಎನ್‌ಡಿ 'ಜೊತೆಯಲ್ಲಿ ಬಾಳುತ್ತಿದ್ದರೆ ಮಾತ್ರ ನಿಮ್ಮ ಪರವಾನಗಿ' ಎನ್ನುತ್ತದೆ. 13ಬಿ ಷರತ್ತನ್ನು ಪೂರೈಸಲೆಂದು ಬೇರೆ ವಿಳಾಸಕ್ಕೆ ಹೋದ ಹೆಣ್ಣುಮಗಳು (ಹೆಚ್ಚಿನ ಪಾಲು ಹೆಣ್ಣುಮಗಳೇ) ತೀರ್ಪಿಗೂ ಎಷ್ಟೋ ಮೊದಲೇ ಈ ದೇಶದಲ್ಲಿರುವ ಹಕ್ಕನ್ನು ಕಳೆದುಕೊಳ್ಳುವ ಸಂಭವವಿದೆ. ಐಎನ್‌ಡಿ ಲೆಕ್ಕಕ್ಕೆ ತೆಗೆದುಕೊಳ್ಳುವುದು ವಿಚ್ಛೇದನದ ತೀರ್ಪಿನ ದಿನವನ್ನಲ್ಲ, ಸಹಬಾಳ್ವೆ ನಿಂತ ದಿನವನ್ನು.

ದಾರಿಯಿಲ್ಲದೆ ಇಲ್ಲ. 'ಪ್ರತ್ಯೇಕ ವಾಸ' ಎಂದರೆ ಬೇರೆ ಬೇರೆ ಮನೆ ಎಂದೇ ಅರ್ಥವಲ್ಲ, ಒಂದೇ ಸೂರಿನಡಿ ಗಂಡಹೆಂಡಿರಾಗಿ ಬಾಳದೆ ಇದ್ದರೂ ಆದೀತು ಎಂದು ಸರ್ವೋಚ್ಚ ನ್ಯಾಯಾಲಯ 1991ರ ಸುರೇಷ್ಟಾ ದೇವಿ ಪ್ರಕರಣದಲ್ಲಿ ವಿವರಿಸಿದೆ. ಆದರೆ ಇದು ಐಎನ್‌ಡಿ ಮುಂದಿನ ಹೊಣೆಯನ್ನು ಇಳಿಸುವುದಿಲ್ಲ. ದಾಂಪತ್ಯ ಮುಗಿದಿದ್ದರೆ ಅಲ್ಲಿ ತಿಳಿಸಲೇಬೇಕು. ಸಂಗಾತಿಯ ಪರವಾನಗಿಯಲ್ಲಿ ಐದು ವರ್ಷ ಕಳೆದವರು, ಇತರ ಷರತ್ತುಗಳನ್ನು ಪೂರೈಸಿದರೆ, ಸ್ವತಂತ್ರ ಪರವಾನಗಿ ಕೇಳಬಹುದು. ಸ್ವಂತ ಉದ್ಯೋಗದ ಮೇಲೆ ಪರವಾನಗಿ ಬದಲಿಸಿಕೊಳ್ಳಲು ಸಾಧ್ಯವಾದವರೂ ಉಂಟು. ಮನೆಯಲ್ಲಿ ಹಿಂಸೆಯಿದ್ದು ಬೇರೆಯಾದವರಿಗೆ ಐದು ವರ್ಷ ತುಂಬದಿದ್ದರೂ ವಿಶೇಷ ಅವಕಾಶವಿದೆ. ಇವೆಲ್ಲ ಸಹಿ ಹಾಕುವ ಮೊದಲು ತಿಳಿದಿರಬೇಕಾದ ಸಂಗತಿಗಳು. ಸಹಿಯಾದ ಮೇಲೆ ತಿಳಿದರೆ ಬರಿದೇ ನೋವು.

ಇಲ್ಲಿಯೇ ನಮಗೆ ಸಮ್ಮತಿಯ ಪ್ರಶ್ನೆ ಕಾಡುವುದು. ರಜೆಗೆಂದು ಊರಿಗೆ ಕರೆದುಕೊಂಡು ಹೋಗಿ, ತವರಿನಲ್ಲಿ ಬಿಟ್ಟು, ತಾನೊಬ್ಬನೇ ಹಿಂತಿರುಗಿ, ಬಳಿಕ ಮಿಂಚಂಚೆಯಲ್ಲಿ 'ಪರಸ್ಪರ ಸಮ್ಮತಿಯ' ಕರಡು ಕಳುಹಿಸುವವರುಂಟು. ಪರವಾನಗಿ ಚೀಟಿ, ಮಕ್ಕಳ ಪಾಸ್‌ಪೋರ್ಟ್, ಬ್ಯಾಂಕಿನ ಗುಪ್ತಸಂಖ್ಯೆ ಎಲ್ಲವೂ ಒಬ್ಬರ ಕೈಯಲ್ಲಿರುವಾಗ ಇನ್ನೊಬ್ಬರು ಹಾಕುವ ಸಹಿಯನ್ನು ಯಾವ ಮನಸ್ಸಿನಿಂದ ಸಮ್ಮತಿಯೆನ್ನೋಣ? ಗಂಡಸರ ಕಥೆಯೂ ಇಲ್ಲದಿಲ್ಲ. ಪೊಲೀಸು ದೂರಿನ ಬೆದರಿಕೆಗೆ ಅಂಜಿ, ಮಗುವನ್ನು ನೋಡಲು ಬಿಟ್ಟರೆ ಸಾಕೆಂದು, ಕೇಳಿದ್ದಕ್ಕೆಲ್ಲ ತಲೆಯಾಡಿಸಿದವರೂ ನಿದ್ರೆಯ ಮಾತ್ರೆ ಕೇಳಿಕೊಂಡು ಬರುತ್ತಾರೆ. ಇನ್ನು ರಾತ್ರಿ ಹನ್ನೊಂದರವರೆಗೆ ವಾಟ್ಸಾಪ್‌ನಲ್ಲಿ ಎರಡೂ ಕಡೆಯ ಹಿರಿಯರು ಕೂಡಿ ನಡೆಸುವ ಪಂಚಾಯಿತಿ! ಬೆಳಿಗ್ಗೆ ಕೆಲಸಕ್ಕೆ ಹೋಗಬೇಕಾದವರು ಕೊನೆಗೆ ಸಾಕಪ್ಪ ಸಾಕು ಎಂದು ಒಪ್ಪಿಬಿಡುತ್ತಾರೆ. ದಣಿವಿನ ಒಪ್ಪಿಗೆ ಒಪ್ಪಿಗೆಯಲ್ಲ.

ಸುರೇಷ್ಟಾ ದೇವಿ ಪ್ರಕರಣದ ಇನ್ನೊಂದು ಅಂಶವನ್ನು ಇಲ್ಲಿ ನೆನಪಿಸಬೇಕು. ಸಮ್ಮತಿ ಅರ್ಜಿಯ ದಿನ ಇದ್ದರೆ ಸಾಲದು, ತೀರ್ಪಿನವರೆಗೂ ಇರಬೇಕು. ಅದಕ್ಕೆ ಮೊದಲು ಯಾರು ಬೇಕಾದರೂ ಹಿಂತೆಗೆದುಕೊಳ್ಳಬಹುದು. 'ಸಹಿ ಹಾಕಿಯಾಯಿತಲ್ಲ, ಇನ್ನೇನು ಮಾಡಲಿ' ಎಂದು ಅಳುವವರಿಗೆ ಇದು ತಿಳಿದಿರುವುದಿಲ್ಲ. ಛಾಪಾ ಕಾಗದದ ಮೇಲೆ ಬರೆದು ನೋಟರಿ ಮುದ್ರೆ ಒತ್ತಿಸಿದ ಪತ್ರವೇ ವಿಚ್ಛೇದನವೆಂದು ನಂಬಿದವರೂ ಇದ್ದಾರೆ. ಸಿದ್ಧಪಡಿಸಿ ತೋರಿಸಬಲ್ಲ ರೂಢಿಯ ಪದ್ಧತಿಯಿದ್ದ ಹೊರತು, ನ್ಯಾಯಾಲಯದ ತೀರ್ಪಿಲ್ಲದೆ ಹಿಂದೂ ವಿವಾಹ ಮುರಿಯದು. ಆ ಕಾಗದ ನಂಬಿ ಮರುಮದುವೆಯಾದರೆ ಮುಂದಿನ ಸಂಸಾರದ ಬುಡಕ್ಕೇ ನೀರು ನುಗ್ಗುತ್ತದೆ.

ಹಣದ ವಿಷಯವನ್ನು ಮಾತನಾಡುವುದು ನಮ್ಮಲ್ಲಿ ಅಶ್ಲೀಲವೆಂಬಂತೆ ಆಗಿದೆ. ಆದರೂ ಮಾತನಾಡಬೇಕು. ಮದುವೆಯಾದೊಡನೆ ಇಲ್ಲಿಗೆ ಬಂದು ಮೊದಲ ಮನೆ ಹೂಡಿದವರ ಆಸ್ತಿಗೆ ಡಚ್ ಕಾನೂನೇ ಅನ್ವಯವಾಗುವ ಸಾಧ್ಯತೆಯಿದೆ. ಹಾಗಾದರೆ 2018ರ ಜನವರಿ 1ಕ್ಕೆ ಮೊದಲು ಮದುವೆಯಾದವರಿಗೆ ಒಂದು ಲೆಕ್ಕ, ಅನಂತರದವರಿಗೆ ಇನ್ನೊಂದು. ಪರವಾನಗಿಯಿದ್ದ ಕಾಲದಲ್ಲಿ ಕೂಡಿಟ್ಟ ಡಚ್ ಪಿಂಚಣಿಯಲ್ಲಿ ಸಂಗಾತಿಗೆ ಪಾಲುಂಟು ಎಂಬುದು ಬಹುಮಂದಿಗೆ ತಿಳಿಯದು. 1995ರಿಂದ ಇರುವ ಕಾನೂನಿನಂತೆ, ಬೇರೆ ಒಪ್ಪಂದವಿಲ್ಲದಿದ್ದರೆ, ದಾಂಪತ್ಯದ ಅವಧಿಯಲ್ಲಿ ಕೂಡಿದ ಪಿಂಚಣಿಯನ್ನು ಸಮನಾಗಿ ಹಂಚಬೇಕು. ಪಿಂಚಣಿ ಸಂಸ್ಥೆಗೆ ಎರಡು ವರ್ಷದೊಳಗೆ ತಿಳಿಸಿದರೆ ಅವರೇ ನೇರವಾಗಿ ಪಾವತಿಸುತ್ತಾರೆ. ಸಂಗಾತಿಯ ಜೀವನಾಂಶ 2020ರಿಂದೀಚೆಗೆ ಸಾಮಾನ್ಯವಾಗಿ ದಾಂಪತ್ಯದ ಅವಧಿಯ ಅರ್ಧ, ಗರಿಷ್ಠ 5 ವರ್ಷ. ಮಕ್ಕಳು ಚಿಕ್ಕವರಿದ್ದರೆ ಇದಕ್ಕೆ ವಿನಾಯಿತಿಯಿದೆ. ಮಕ್ಕಳ ಖರ್ಚಿನ ಹೊಣೆ ಅವರಿಗೆ 21 ತುಂಬುವವರೆಗೆ. ಊರಿನ ಬ್ಯಾಂಕ್ ಲಾಕರಿನಲ್ಲಿರುವ, ಅವಳಿಗೆಂದು ತವರಿನವರು ಹಾಕಿದ ಬಂಗಾರ ಅವಳದೇ. ಅದು ಚೌಕಾಸಿಯ ವಸ್ತುವೇ ಅಲ್ಲ.

ಒಬ್ಬರೇ ವಕೀಲರು ಸಾಕೆಂದು ಮೇಲೆ ಹೇಳಿದೆವು. ಒಬ್ಬರು ದುಡಿಯುವ, ಒಬ್ಬರು ಅವಲಂಬಿಸಿದ ಸಂಸಾರಗಳಲ್ಲಿ ಅದು ಸಾಲದೆಂಬುದು ನಮ್ಮ ಖಚಿತ ಅಭಿಪ್ರಾಯ. ಅವಲಂಬಿತರು ಒಮ್ಮೆಯಾದರೂ, ಸಂಗಾತಿಯ ಗೈರುಹಾಜರಿಯಲ್ಲಿ, ತಮ್ಮದೇ ವಕೀಲರೊಡನೆ ಕುಳಿತು ಕರಡನ್ನು ಓದಿಸಿಕೊಳ್ಳಬೇಕು. ಮೊದಲ ಸಲಹೆಯನ್ನು ಉಚಿತವಾಗಿ ಕೊಡುವ ಯೂರಿಡಿಸ್ ಲೊಕೆಟ್ ದೇಶದ ಅನೇಕ ನಗರಗಳಲ್ಲಿದೆ. ಆದಾಯ ಕಡಿಮೆಯಿದ್ದವರಿಗೆ ಸರ್ಕಾರದ ನೆರವಿನ ವಕೀಲರು ಸಿಗುತ್ತಾರೆ. ಹಿಂಸೆಯ ಭಯವಿರುವ ಕಡೆ ಮಧ್ಯಸ್ಥಿಕೆಯ ಮಾತೇ ಬೇಡ. ಫೈಲಿಖ್ ತೌಸ್ ಎಂಬ ಸಹಾಯವಾಣಿ 0800-2000 ಹಗಲೂ ರಾತ್ರಿ ಉಚಿತ, ಅಪಾಯ ಎದುರಿಗಿದ್ದರೆ 112.

ಮಕ್ಕಳಿರುವವರಿಗೆ 2009ರ ಮಾರ್ಚ್‌ನಿಂದ ಪಾಲನೆಯ ಯೋಜನೆಯೊಂದನ್ನು ಬರೆದು ಅರ್ಜಿಯೊಡನೆ ಕೊಡುವುದು ಕಡ್ಡಾಯ. ಯಾವ ದಿನ ಯಾರ ಮನೆ, ಖರ್ಚು ಹೇಗೆ, ಶಾಲೆ, ಆರೋಗ್ಯದ ತೀರ್ಮಾನಗಳನ್ನು ಹೇಗೆ ತಿಳಿಸಿಕೊಳ್ಳುವುದು ಎಂಬ ವಿವರಗಳೆಲ್ಲ ಅದರಲ್ಲಿರುತ್ತವೆ. ಈ ಕಾಗದ ನಮಗೆ ಬಹಳ ಮೆಚ್ಚಿಗೆಯಾದದ್ದು. ಗಂಡಹೆಂಡಿರು ಬೇರೆಯಾದರೂ ಅಪ್ಪ ಅಮ್ಮ ಇಬ್ಬರ ಅಧಿಕಾರವೂ ಸಾಮಾನ್ಯವಾಗಿ ಉಳಿಯುತ್ತದೆ. 12 ತುಂಬಿದ ಮಕ್ಕಳು ನ್ಯಾಯಾಧೀಶರಿಗೆ ತಮ್ಮ ಮಾತನ್ನೂ ಹೇಳಬಹುದು. ನಮ್ಮ ಮನೆಗಳ ಯೋಜನೆಗೆ ಎರಡು ಸಾಲು ಹೆಚ್ಚಾಗಿ ಸೇರಬೇಕು: ಬೇಸಿಗೆಯ ರಜೆಯಲ್ಲಿ ಊರಿಗೆ ಯಾರು, ಎಷ್ಟು ದಿನ ಕರೆದೊಯ್ಯುವರು, ಅಜ್ಜ ಅಜ್ಜಿಯರೊಡನೆ ಕನ್ನಡದ ಮಾತು ಹೇಗೆ ಮುಂದುವರಿಯುವುದು. ಮಗುವಿನೊಡನೆ ಒಬ್ಬರೇ ಹೊರಟಾಗ ಸ್ಖಿಪೋಲ್ ವಿಮಾನ ನಿಲ್ದಾಣದಲ್ಲಿ ಇನ್ನೊಬ್ಬರ ಒಪ್ಪಿಗೆ ಪತ್ರ ಕೇಳಬಹುದು. ಮಕ್ಕಳ ಅಪಹರಣ ಕುರಿತ 1980ರ ಹೇಗ್ ಒಡಂಬಡಿಕೆಗೆ ಭಾರತ ಸೇರಿಲ್ಲವಾದ ಕಾರಣ, ಸಿಟ್ಟಿನಲ್ಲಿ ಮಗುವನ್ನು ಊರಿಗೆ ಕೊಂಡೊಯ್ದರೆ ಅದನ್ನು ಸರಿಪಡಿಸಲು ವರ್ಷಗಳೇ ಬೇಕಾಗುತ್ತವೆ, ಇಲ್ಲಿ ಅಪರಾಧದ ಪ್ರಕರಣವೂ ಆದೀತು.

ಇಲ್ಲಿಯ ತೀರ್ಪು ಭಾರತದಲ್ಲಿ ನಡೆಯುವುದೇ? ತಿರುಪತಿಯಲ್ಲಿ ಮದುವೆಯಾಗಿ ಅಮೆರಿಕದ ಮಿಸೌರಿಯಲ್ಲಿ ಗಂಡನೊಬ್ಬನೇ ಪಡೆದ ವಿಚ್ಛೇದನವನ್ನು ಸರ್ವೋಚ್ಚ ನ್ಯಾಯಾಲಯ 1991ರಲ್ಲಿ, ವೈ. ನರಸಿಂಹ ರಾವ್ ಪ್ರಕರಣದಲ್ಲಿ, ಒಪ್ಪಲಿಲ್ಲ. ಆದರೆ ಎದುರು ಪಕ್ಷ ಪರಿಹಾರಕ್ಕೆ ಸಮ್ಮತಿಸಿದ್ದರೆ ವಿದೇಶೀ ತೀರ್ಪು ಮಾನ್ಯವಾಗಬಹುದೆಂದು ಅದೇ ತೀರ್ಪಿನಲ್ಲಿ ಒಂದು ಬಾಗಿಲು ತೆರೆದಿಟ್ಟಿತು. ಆದುದರಿಂದ ಇಲ್ಲಿ ಅರ್ಜಿ ಹಾಕುವವರು ಜಂಟಿಯಾಗಿಯೇ ಹಾಕಲಿ, ಇಬ್ಬರ ಸಮ್ಮತಿಯೂ ಕಾಗದದಲ್ಲಿ ಎದ್ದು ಕಾಣಲಿ. ತೀರ್ಪಿಗೆ ಅಪೊಸ್ಟಿಲ್ ಮುದ್ರೆ, ಪ್ರಮಾಣಿತ ಅನುವಾದಕರಿಂದ ಇಂಗ್ಲಿಷ್ ಅನುವಾದ ಎರಡನ್ನೂ ಆಗಲೇ ಮಾಡಿಸಿಟ್ಟುಕೊಳ್ಳುವುದು ಒಳಿತು. ಊರಿನಲ್ಲಿ ಜಂಟಿ ಆಸ್ತಿಯಿರುವವರು, ಮರುಮದುವೆಯ ಯೋಚನೆಯಿರುವವರು ಕರ್ನಾಟಕದ ವಕೀಲರ ಅಭಿಪ್ರಾಯವನ್ನು ಲಿಖಿತವಾಗಿ ಪಡೆಯಲಿ. ಅಲ್ಲಿಯೂ ಒಂದು ತೀರ್ಪು ಬೇಕಾದೀತು. ಭಾರತದಲ್ಲಿ ಪಡೆದ ತೀರ್ಪನ್ನು ಇಲ್ಲಿಯ ನಗರಸಭೆಗೆ ಅಪೊಸ್ಟಿಲ್ ಸಮೇತ ತೋರಿಸಿ ದಾಖಲಿಸುವುದನ್ನೂ ಮರೆಯಬಾರದು.

ನಮ್ಮ ವೃತ್ತಿಯ ಕಡೆಯಿಂದ ಎರಡು ಮಾತು. ನಿದ್ದೆಯಿಲ್ಲದೆ, ಬದುಕು ಬೇಡವೆನಿಸುವ ಹಂತಕ್ಕೆ ಬಂದವರು ತಮ್ಮ ಕುಟುಂಬ ವೈದ್ಯರ ಬಳಿ ತಡಮಾಡದೆ ಹೋಗಲಿ. ಅಲ್ಲಿ ಮಾನಸಿಕ ಆರೋಗ್ಯದ ಸಹಾಯಕರೂ ಇರುತ್ತಾರೆ, ಆ ಭೇಟಿಗಳಿಗೆ ವಿಮೆಯ ಸ್ವಂತ ಹೊಣೆಯ ಹಣ ಕಡಿತವಾಗುವುದಿಲ್ಲ. ಎರಡನೆಯದು, 'ನನ್ನವಳಿಗೆ ಮಾನಸಿಕ ತೊಂದರೆ ಎಂದು ಬರೆದುಕೊಡಿ' ಎಂದು ಪತ್ರ ಕೇಳುವವರಿಗೆ. ಬರೆದುಕೊಡುವುದಿಲ್ಲ. ಇಲ್ಲಿಯ ಚಿಕಿತ್ಸಕ ವೈದ್ಯರೂ ಬರೆದುಕೊಡರು, ಅವರ ವೃತ್ತಿಸಂಘದ ಮಾರ್ಗಸೂಚಿಯೇ ಹಾಗಿದೆ.

ಇನ್ನು ನಮ್ಮ ಸಂಘದ ಪಾಲಿನದು. 'ತಾಳಿದವನು ಬಾಳಿಯಾನು' ಎಂಬುದನ್ನು ಹೊಡೆತ ತಿನ್ನುತ್ತಿರುವವರಿಗೆ ಉಪದೇಶಿಸುವುದನ್ನು ನಿಲ್ಲಿಸೋಣ. ಹಾಗೆಯೇ, ಇನ್ನೂ ತೂಗುತ್ತಿರುವವರ ಮನೆಯೊಳಗೆ ನ್ಯಾಯ ಹೇಳಲು ಹೋಗುವುದನ್ನೂ. ಒಂದು ಸಣ್ಣ ಕೆಲಸವನ್ನಂತೂ ಕೂಡಲೇ ಮಾಡಬಹುದು. ನಮ್ಮಲ್ಲಿ ಕುಟುಂಬ ಸದಸ್ಯತ್ವವೊಂದಕ್ಕೆ ಒಂದೇ ಮಿಂಚಂಚೆ ವಿಳಾಸ ದಾಖಲಾಗುತ್ತದೆ, ಬಹುತೇಕ ಗಂಡನದ್ದು. ಬೇರೆಯಾದ ಮರುದಿನದಿಂದ ಹೆಂಡತಿಗೆ ಯುಗಾದಿಯ ಆಹ್ವಾನವೂ ಇಲ್ಲ, ಮಕ್ಕಳ ಕನ್ನಡ ತರಗತಿಯ ಸೂಚನೆಯೂ ಇಲ್ಲ. ಇಬ್ಬರ ವಿಳಾಸವನ್ನೂ ಪ್ರತ್ಯೇಕವಾಗಿ ದಾಖಲಿಸಿಕೊಳ್ಳಬೇಕು, ಬೇರೆಯಾದ ವರ್ಷದಲ್ಲಿ ಹೊಸ ಶುಲ್ಕವಿಲ್ಲದೆ ಇಬ್ಬರ ಸದಸ್ಯತ್ವವೂ ಮುಂದುವರಿಯಬೇಕು ಎಂಬ ಪ್ರಸ್ತಾವವನ್ನು ಮುಂದಿನ ವಾರ್ಷಿಕ ಸಭೆಗೆ ಬರೆದು ಕೊಡುತ್ತಿದ್ದೇವೆ. ಅನುಮೋದಿಸಲು ಇಚ್ಛಿಸುವವರು ಸಭೆಗೆ ಮುನ್ನ ಕಾರ್ಯದರ್ಶಿಗಳಿಗೆ ಹೆಸರು ತಿಳಿಸಬೇಕೆಂದು ಕೋರುತ್ತೇವೆ.